ನವಲೂರ ಏರು

ಬೆಟಗೇರಿಯ ಜಿನ್ನಿಂಗ್ ಫ್ಯಾಕ್ಟರಿ ಹಿತ್ತಲದಾಗ
ಹರಕ ತಾಡಪಾಲ ಎತ್ತಿದರ
ಸ್ಟೀರಿಂಗ್ ಹಿಂದ ಕೋಳಿ ಕಾವಿಗೆ ಕೂತಿತ್ತು.
'ಸಾವಕಾಶ್ರೀ ಡಾಕ್ಟರ, ಡ್ರೈವರ್ ಕುಕ್ಕತಾಳ' ಅಂದ ಮಾಲಕ.
ಐವತ್ತಮೂರನೇ ಇಸವಿಯ ಎಂ.ಜಿ., ಎರಡ ಸೀಟು,
ಮುಂದ ಮಾರುದ್ದ ಮೂತಿ.
ರೊಕ್ಕ ಎಣಿಸಿ ಕೊಟ್ಟು, ತತ್ತಿ ಒಡಿಯೂತನಕ ಕಾದೆ.
ಇಪ್ಪತ್ತೊಂದು ದಿನ.
ಮುಂದಿನ ಏಳು ವರ್ಷಕ್ಕ ಅದ ತಾಲೀಮು.

ನಾನು ಧಾರವಾಡದ ಹಲ್ಲಿನ ಡಾಕ್ಟರ.
ಊರ ದವಡಿಯಿಂದ ಕಿತ್ತದ್ದನ್ನೆಲ್ಲ
ಈ ಒಂದ ಬಾಯಿಗೆ ಸುರಿದೆ.
ಮಾಳಮಡ್ಡಿ ಮಾಸ್ತರರ ನಾಲ್ಕು ಕ್ಯಾಪು: ರೇಡಿಯೇಟರ್.
ಹೆಬ್ಬಳ್ಳಿ ಗೌಡ್ರ ಪೂರಾ ಸೆಟ್ಟು: ಜೋಡಿ ಕಾರ್ಬೊರೇಟರ್,
ಅವು ಹಿಸೆ ಆದ ಅಣ್ಣತಮ್ಮಂದಿರು,
ಒಂದಕ್ಕ ಹೊಟ್ಟಿ ತುಂಬಿದರ ಇನ್ನೊಂದಕ್ಕ ಕೆಮ್ಮು.
ಪ್ರಭಾ ಹೊಸ ಫ್ರಿಜ್ ಕೇಳಿದ ದಿನ
ಹಳೇ ಫ್ರಿಜ್ಜಿನಾಗ ವಾಲ್ವಿನ ಗೈಡು ತಣ್ಣಗಾಗ್ತಿದ್ದವು,
ಮೊಸರಿನ ಬಾಜೂಕ.
ಆಕಿ ಏನೂ ಅನ್ನಲಿಲ್ಲ.
ಅನ್ನಲಾರದ್ದು ನನಗ ಇನ್ನೂ ಕೇಳಸ್ತದ.

ಹುಬ್ಬಳ್ಳಿ ಗಿರಣಿ ಚಾಳದ ಹಿಂದಿನ ಶೆಡ್ಡಿನ್ಯಾಗ
ಹಜರತಸಾಬ ಬಾನೆಟ್ ಎತ್ತಿ, ಬೀಡಿ ಮುಗಿಯೂತನಕ ನೋಡಿದ.
'ಇದು ಇಂಚಿನ ಕಾಲದ್ದು ಸಾಹೇಬ್ರ,
ನನ್ನ ಪಾನಾ ಎಲ್ಲಾ ಮಿಲಿಮೀಟರು.
ಇದರ ನಟ್ಟು ಬಿಚ್ಚಾಕ ರಾಣಿ ಅಪ್ಪಣಿ ಬೇಕು.'
ಅಪ್ಪಣಿ ಬರೂದರೊಳಗ ಬಿಚ್ಚಿದ.
ಮೂರು ವರ್ಷ ಅದು ಗೋಣಿಚೀಲದಾಗ ಸಂಸಾರ ಮಾಡಿತು.
ಬೆಟಗೇರಿ ಮಗ್ಗದ ಸ್ಪ್ರಿಂಗು, ಕಬ್ಬಿನ ಗಾಣದ ಬೇರಿಂಗು,
ಟಪ್ಪು ಹೊಲಿದವ ಎ.ಪಿ.ಎಂ.ಸಿ. ಎದುರಿನ ಗೋವಿಂದಸಾ,
ಮೆಣಸಿನಕಾಯಿ ಲಾರಿಯ ಹಳೇ ತಾಡಪಾಲದಾಗ.
ಬಿಸಿಲು ಏರಿದರ ಇವತ್ತಿಗೂ
ಕಾರಿನೊಳಗ ಬ್ಯಾಡಗಿ ಸಂತಿ, ಒಂದ ಸವನ ಸೀನು.

ಆರ್.ಟಿ.ಓ. ಗುಮಾಸ್ತ ಪುಸ್ತಕ ತಿರುವಿ ಹಾಕಿ
ಚಸ್ಮಾ ತಗದ, ಒರಿಸಿದ, ಮತ್ತ ಹಾಕಿದ.
'ಇದು ಮುಂಬೈ ರಾಜ್ಯದ ಗಾಡಿರೀ. ಆ ರಾಜ್ಯನ ಈಗಿಲ್ಲ.'
'ಗಾಡಿ ಐತೆಲ್ರೀ' ಅಂದೆ.
ಆತ ಕಿಟಕಿಯಾಗ ಇಣುಕಿ ನೋಡಿ,
'ಅದೂ ಬಾಳ ಐತಿ ಅನಸೂದಿಲ್ಲ' ಅಂದ.

ಎಡಕ್ಕ ಹೊರಳಿಸಿದರ ಹಾರ್ನು ತಾನ ಬಡಕೋತದ,
ಬಲಕ್ಕ ಹೊರಳಿಸಿದರ ಲೈಟು ಹೋಗ್ತಾವ,
ನೆಟ್ಟಗ ಹೋದರ ಏನೂ ತ್ರಾಸಿಲ್ಲ,
ಆದರ ನಮ್ಮೂರಾಗ ನೆಟ್ಟಗಿನ ರಸ್ತೆ ಎಲ್ಲೈತಿ?
ನಿಂತಲ್ಲೆಲ್ಲ ಎಣ್ಣಿ ಬಿಡ್ತದ,
ನಾಯಿ ತನ್ನ ಸೀಮಿ ಗುರುತು ಮಾಡಿದಂಗ.
ಆ ಲೆಕ್ಕದಾಗ ಉಣಕಲ್ಲಿನಿಂದ ಈಚೆ ಎಲ್ಲಾ ನಂದ.

ಕಡೀಕ ಒಂದು ರವಿವಾರ ಹೊಂಟೆ, ಒಬ್ಬನ.
(ಪ್ರಭಾಗ ಕರದೆ. 'ವಾಪಸ್ ಬಂದು ಹೇಳ್ರಿ' ಅಂದ್ಲು.)
ಗಾಳಿ, ಗುಡುಗು, ಮೈಲಿನ ಮುಳ್ಳು ನಲವತ್ತಕ್ಕ.
ನವಲೂರ ಏರು ಮುಗಿದಲ್ಲೇ ಉಸಿರು ಬಿಟ್ಟಿತು,
ಪೇರಲ ಮಾರೂ ನಿಂಬೆವ್ವನ ಮುಂದ.
'ಆಟಿಗಿ ಸಾಮಾನೇನೋ ಎಪ್ಪಾ?' ಅಂದ್ಲು.
ದನಾ ಬಾಯಿ ಹಾಕ್ತಾವಂತ ಬುಟ್ಟಿ ನನ್ನ ಬಾಜೂ ಸೀಟಿಗಿಟ್ಟು,
ಕಚ್ಚಿ ಬಿಗಿದು ಒಂದ ಸಲ ನೂಕಿದ್ಲು ನೋಡ್ರಿ,
ಏಳು ವರ್ಷ ಹಜರತಸಾಬಗ ಆಗಲಾರದ್ದು ಆತು.

ಶುರು ಆದದ್ದನ್ನ ನಿಲ್ಲಸೂ ಧೈರ್ಯ ನನಗಿಲ್ಲ.
ಇಳಿಜಾರಿನಾಗ ನಾನು, ಇಂಜಿನ್ನು, ಬುಟ್ಟಿ ತುಂಬ ಪೇರಲ,
ಹಿಂದ ಆಕಿ ಸೆರಗು ಹಾರಿಸಿಕೋತ,
'ಕಳ್ಳಾ! ಹಿಡೀರ್ಯೋ ಕೆಂಪು ಗಾಡಿ ಕಳ್ಳನ್ನ!'
'ನಿಂದ್ರೂದಿಲ್ಲಬೇ ಇದು!' ಅಂತ ಒದರಿದೆ.
ಎಡಕ್ಕ ಹೊರಳಿದೆ. ಹಾರ್ನು ನಂದಕಿಂತ ಜೋರು ಒದರಿತು.
ಇಂಜಿನ್ನು ಗುಡುಗಿತು ಕರೆ, ಗಾಡಿ ಓಡಲಿಲ್ಲ.
ಚಿಗರಿ ಬಸ್ಸು ಸದ್ದಿಲ್ಲದ ಪಕ್ಕಕ್ಕ ಬಂತು,
ಮುಂದ ದಾಟಿತು.
ಎ.ಸಿ. ಕಿಟಕಿಯಾಗ ನಿಂಬೆವ್ವ.

ಜುಬಿಲಿ ಸರ್ಕಲ್ಲಿನ್ಯಾಗ
ನಡಾ ಮ್ಯಾಲ ಕೈ ಇಟ್ಟು, ನನಗಿಂತ ಮೊದಲ ನಿಂತಿದ್ಲು.
ಟಿಕೀಟಿನ ರೊಕ್ಕ ಮೊದಲ ಇಸಕೊಂಡ್ಲು.
ಆಮ್ಯಾಲ ಬುಟ್ಟಿ ಇಳಿಸಿ, ಒಂದೊಂದ ಹಣ್ಣು ಮುಟ್ಟಿ ಎಣಿಸಿ,
'ಒಂದು ಕಮ್ಮಿ ಐತಿ' ಅಂದ್ಲು.

ನಾನು ಬಾಯಿ ತೆರೀಲಿಲ್ಲ.
ದವಡಿ ಸಂದಿನ್ಯಾಗ ಬೀಜ ಸಿಕ್ಕಿತ್ತು.