ತೊಗಲು ಹೆರೆಯುವವನು

ಮೇಕೆ ಸತ್ತದ್ದು ಮಂಗಳವಾರ.
ಅದರ ತೊಗಲು ನನ್ನ ಪಾಲಿಗೆ ಬಂದದ್ದು ಶುಕ್ರವಾರ,
ನೆನೆದು, ನಾರುತ್ತ,
ಯಿರ್ದಾವನ ಜೊಂಡಿನ ದೋಣಿಯಲ್ಲಿ, ಈರುಳ್ಳಿ ಮೂಟೆಯ ಪಕ್ಕ.

ತಾನಾ ಸರೋವರದ ನಡುವೆ ನಮ್ಮ ದ್ವೀಪ.
ದುಂಡನೆಯದೊಂದು ಇಗರ್ಜಿ, ಹನ್ನೆರಡು ಸನ್ಯಾಸಿಗಳು,
ಕಾಫಿ ಗಿಡ, ಕಳ್ಳ ಮಂಗಗಳು,
ಮತ್ತು ನಾನು, ಮೆರ್ಶಾ, ಆಗ ಇಪ್ಪತ್ತೊಂದು,
ತಲೆ ತುಂಬ ಸಂತೆ ಹೊತ್ತು
ಮೌನ ಕೊಳ್ಳಲು ಬಂದವನು.

ನಲವತ್ತೊಂದು ಸಲ ಹೇಳು, ಎನ್ನುತ್ತದೆ ಕಟ್ಟಳೆ:
ಎಗ್ಜಿಯೋ, ಕರುಣಿಸು ನಮ್ಮನ್ನು.
ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ ಹೋಗುತ್ತಿದ್ದೆ.
ಏಳಕ್ಕೆ ಬರುವಾಗ ಒಳಗೊಬ್ಬ: ಮನಸಿಟ್ಟು ಹೇಳಿದೆಯಾ?
ಇನ್ನೊಬ್ಬ: ಹಾಗೆ ಕೇಳಿದ್ದು ಯಾರು?
ಮೂರನೆಯವನಿಗೆ ಈ ಇಬ್ಬರ ಜಗಳ ಕಂಡು ಗುಟ್ಟಾಗಿ ಹೆಮ್ಮೆ,
ನೋಡು, ಎಷ್ಟು ಸೂಕ್ಷ್ಮ ನನ್ನ ಒಳಗಣ್ಣು!
ನಾಲ್ಕನೆಯವನು ಆ ಹೆಮ್ಮೆಗೆ ಬೆತ್ತ ಎತ್ತುತ್ತಿದ್ದ.
ಹನ್ನೊಂದೋ ಹದಿನೇಳೋ, ಲೆಕ್ಕ ತಪ್ಪಿ
ಮತ್ತೆ ಒಂದರಿಂದ.
ಮಗುವ ಚಿವುಟುವ ಕೈಯೂ ನನ್ನದೇ
ತೊಟ್ಟಿಲು ತೂಗುವ ಕೈಯೂ ನನ್ನದೇ,
ನಿದ್ದೆ ಬರಲಿಲ್ಲವೆಂಬ ಅಳುವೂ.

ಅಬ್ಬಾ ಜೆಲ್ಲೆಕೆ ನಮ್ಮ ಲಿಪಿಕಾರರು.
ಎಡಗಣ್ಣಿಗೆ ಪೊರೆ. ಮಾತು ಕಡಿಮೆ, ಕೆಮ್ಮು ಜಾಸ್ತಿ.
ಕೇಳಿದೆ: ಯೋಚನೆ ನಿಲ್ಲಿಸುವುದು ಹೇಗೆ?
ಅವರೆಂದರು: ತೊಗಲ ಮೇಲೆ ಕೂದಲು ಉಳಿದಿದೆ.

ಚೌಕಟ್ಟಿಗೆ ಬಿಗಿದೆ. ಎಂಟು ಹುರಿ, ಎಂಟು ಗೂಟ.
ಬಾಗುಗತ್ತಿ ಹಿಡಿದು ಹೆರೆದೆ.
ಕೊಬ್ಬು ಹೋಯಿತು, ಕೂದಲು ಹೋಯಿತು,
ಆಚೆಯ ಬಿಸಿಲು ಹಾಲಿನ ಬಣ್ಣಕ್ಕಿಳಿದು ಈಚೆ ಬಂತು.
ಅಲ್ಲಿಗೆ ಬಿಡಬಹುದಿತ್ತು.
ಆದರೆ ಕುತ್ತಿಗೆಯ ಹತ್ತಿರ ಒಂದು ನರದ ನೆರಳು,
ಮೇಕೆ ಬದುಕಿದ್ದಾಗ ನೆತ್ತರು ನಡೆದ ದಾರಿ.
ಅದೊಂದು ಹೋದರೆ ಪೂರ್ತಿ ಶುದ್ಧ, ಎಂದಿತು ಕೈ.
ಇನ್ನೊಂದೇ ಸಲ.
ಇನ್ನೊಂದು.
ನರ ಹೋಗಲಿಲ್ಲ. ಟಪ್ಪೆಂದು
ಗಾಳಿ ಬಂತು.

ಗೋಲಿಯಷ್ಟು ತೂತು.
ಎಂಟು ಹುರಿಗಳು ಎಳೆದೂ ಎಳೆದೂ
ನಾನು ನೋಡುತ್ತಿದ್ದಂತೆಯೇ ಕಣ್ಣಿನ ಆಕಾರಕ್ಕೆ ತೆರೆಯಿತು.
ಅದರೊಳಗಿಂದ ಕಂಡದ್ದು:
ದಡದಲ್ಲಿ ಯಿರ್ದಾವ ತನ್ನ ದೋಣಿಯನ್ನು
ಅತ್ತಿಮರಕ್ಕೆ ಒರಗಿಸಿ ನಿಲ್ಲಿಸುತ್ತಿದ್ದ.
ಜೊಂಡು ನೀರು ಕುಡಿಯುತ್ತದೆ. ದಿನಾ ಸಂಜೆ
ಎತ್ತಿ ನಿಲ್ಲಿಸದಿದ್ದರೆ
ತೇಲಿಸಬೇಕಾದದ್ದೇ ಕೆರೆಯಾಗಿಬಿಡುತ್ತದೆ.
ಅವನದನ್ನು ಹಿಂಡಲಿಲ್ಲ, ಬಡಿಯಲಿಲ್ಲ.
ಪಕ್ಕದಲ್ಲಿ ಕೂತು ಹುರಿದ ಜವೆಗೋಧಿ ಮುಕ್ಕುತ್ತಿದ್ದ.
ನೀರು ತನ್ನ ಪಾಡಿಗೆ ಇಳಿಯುತ್ತಿತ್ತು.

ಆಗಲೇ ಏನೋ ಹೊಳೆಯಿತೆಂದರೆ ಸುಳ್ಳಾದೀತು.
ಹೊಳೆದದ್ದು ಇಷ್ಟೇ: ಬೈಗುಳ ಕಾದಿದೆ.

ಅಬ್ಬಾ ಜೆಲ್ಲೆಕೆ ಬೈಯಲಿಲ್ಲ.
ತೂತಿನೊಳಗೆ ಕಿರುಬೆರಳು ತೂರಿಸಿ
ಕೂಸನ್ನು ನಗಿಸುವಂತೆ ಎರಡು ಸಲ ಆಡಿಸಿದರು.
ಹಾಳೆ ಕತ್ತರಿಸಿ, ಗೆರೆ ಎಳೆದು,
ಕಾಡಿಗೆಮಸಿಯಲ್ಲಿ ಲೇಖನಿ ಅದ್ದಿ
ಬರೆಯುತ್ತ ಬರೆಯುತ್ತ ತೂತಿನ ಅಂಚಿಗೆ ಬಂದರು,
ಲೇಖನಿ ಎತ್ತಿದರು,
ಆಚೆ ಇಳಿಸಿದರು.
ಕರುಣೆ ಎಂಬ ಪದ ಅರ್ಧ ಈ ದಡದಲ್ಲಿ
ಅರ್ಧ ಆ ದಡದಲ್ಲಿ.

ಹೊಲಿಯಬಹುದಿತ್ತಲ್ಲ, ಎಂದೆ.
ಹೊಲಿದರೆ ಗಂಟು. ಗಂಟಿನ ಮೇಲೆ ಮಸಿ ನಿಲ್ಲದು.
ಕೆಮ್ಮಿದರು.
ಓದುವವನು ಅಲ್ಲಿ ಉಸಿರು ತಕ್ಕೊಳ್ಳುತ್ತಾನೆ, ಬಿಡು.

ಆ ಕೆಮ್ಮು ನಿಂತು ಆರು ವರ್ಷ.
ಇವತ್ತು ಆ ಪುಸ್ತಕ ಓದುವ ಸರದಿ ನನ್ನದು.
ನಡುರಾತ್ರಿ, ಕಂಕುಳಿಗೆ ಊರುಗೋಲು, ಮಂಡಿಯಲ್ಲಿ ನಡುಕ.
ಸಂತೆ ಇನ್ನೂ ಮುರಿದಿಲ್ಲ,
ಬೆಲೆ ಕೂಗುವವರು ಕೂಗುತ್ತಲೇ ಇದ್ದಾರೆ.
ಹಾಳೆ ತಿರುವಿದೆ. ತೂತು.
ಅದರೊಳಗೆ ಮುಂದಿನ ಹಾಳೆಯ ಒಂದು ಅಕ್ಷರ,
ಈ ಸಾಲಿಗೆ ಸೇರದ್ದು,
ಇಲ್ಲಿಂದ ಕಂಡರೆ ಯಾವ ಪದಕ್ಕೂ ಸೇರದ್ದು.
ಓದಲೋ ಬಿಡಲೋ ತಿಳಿಯದೆ
ಬಾಯಿ ತೆರೆದು ನಿಂತೆ.

ಎಷ್ಟು ಹೊತ್ತೋ. ಎಣಿಸಲಿಲ್ಲ.
ಹಿಂದೆ ಯಾರೋ ಕೋಲು ಕುಟ್ಟಿದರು:
ಮುಂದೆ ಓದು.