ಅಲ್ಪವಿರಾಮ

ತೋರ್ಸ್‌ಹಾವ್ನ್ ಬಂದರಿನ ಟಿಕೆಟ್ ಕಚೇರಿ, ಮಹಡಿಯಲ್ಲಿ
ನಾನು, ಒಂದು ಹೀಟರು, ಗಾಜಿಗೆ ಮುಖವೊತ್ತಿದ ಮಂಜು.
ಬುಧವಾರ ಬುಧವಾರ ಫೋನು:
‘ಸುನ್ವೋರ್ ಮಾತಾಡೋದು. ನಿಮ್ಮ ಯಂತ್ರ ಮತ್ತೆ
ಡ್ಯಾನಿಶ್‌ನಲ್ಲಿ ಬಾ ಅಂತು.
ಎಂಬತ್ತೊಂದು ವರ್ಷ ಫೆರೋಯೀಸ್‌ನಲ್ಲೇ ಸೀನಿದ್ದೇನೆ, ಮಗೂ.
ಎಷ್ಟು ಸಲ ಹೇಳಲಿ?’

ಕೇಳಿಸಿಲ್ಲವೆಂದಲ್ಲ. ಸರ್ವರಿನದು ಹುಟ್ಟುಮರೆವು.
ಬಾಗಿಲು ಮುಚ್ಚಿದೊಡನೆ
ಬಂದುಹೋದವರು ಯಾರೋ, ಅದಕ್ಕೆ ತಿಳಿಯದು.
ಅದಕ್ಕೇ ಹೊರಡುವವರ ಕೈಗೆ ಕುಕಿ ಕೊಡುವುದು;
ತಿನ್ನಲಿಕ್ಕಲ್ಲ, ಮುಂದಿನ ಸಲ ತೋರಿಸಲಿಕ್ಕೆ.
ಸುನ್ವೋರಜ್ಜಿಗೆ ಮೂರು ಕೊಡಬೇಕಿತ್ತು:
ಅವಳು ಅವಳೇ ಎಂಬುದಕ್ಕೊಂದು,
ನುಡಿಗೊಂದು,
ಎಡಗಿಟಕಿಯ ಸೀಟಿಗೊಂದು.
ಆಸ್ಪತ್ರೆಗೆ ಹೋಗುವಾಗ ಅವಳಿಗೆ
ಲಿತ್ಲಾ ದೀಮುನ್ ನಡುಗಡ್ಡೆ ಕಾಣಲೇಬೇಕು.

ನಾನು ಬರೆದಿದ್ದೆ: ಇಡು. ಇಡು. ಇಡು.
ಇಡು ಅಂದರೆ ಅದರ ಲೆಕ್ಕದಲ್ಲಿ
ಇದ್ದದ್ದನ್ನು ತೆಗೆದು ಇಡು.
ಹೆಸರಿನ ಜಾಗದಲ್ಲಿ ನುಡಿ ಕೂತು, ನುಡಿಯನ್ನು ಸೀಟು ತಳ್ಳಿ,
ಕೊನೆಗೆ ಸಮುದ್ರ ದಾಟಿದ್ದು
ಹೆಸರಿಲ್ಲದ, ನುಡಿಯಿಲ್ಲದ
ಒಂದು ಎಡಗಿಟಕಿ.

ಜಾಣತನ ಮಾಡಿದೆ. ಮೂರನ್ನೂ ಒಂದೇ ಸಾಲಿಗೆ ಪೋಣಿಸಿದೆ,
ನಡುನಡುವೆ ಅಲ್ಪವಿರಾಮ.
ಆದರೆ ಅವಧಿ ಮುಗಿಯುವ ದಿನದ ಹೊಟ್ಟೆಯಲ್ಲೇ ಒಂದಿತ್ತಲ್ಲ,
ವಾರವಾದ ಮೇಲೆ, ತಾರೀಖಿಗೆ ಮುಂಚೆ:
ಬುಧ, ಹದಿನಾಲ್ಕು.
ಉಸಿರೆಳೆದುಕೊಳ್ಳುವಷ್ಟು ಜಾಗ.
ಯಾವುದು ಉಸಿರು, ಯಾವುದು ಗಡಿ,
ಬ್ರೌಸರಿಗೆ ಹೇಗೆ ಗೊತ್ತಾಗಬೇಕು?
ಈ ಸಲ ಹೆಸರು ಉಳಿಯಿತು,
ಮಿಕ್ಕಿದ್ದು ತಾರೀಖಿನ ಬಾಲವಾಗಿ ಹೋಯಿತು.
‘ಸ್ವಾಗತ, ಸುನ್ವೋರ್’ ಅಂತು, ಡ್ಯಾನಿಶ್‌ನಲ್ಲೇ.
ಬೈಗುಳ ಮಾತ್ರ ಶುದ್ಧ ಫೆರೋಯೀಸ್‌ನಲ್ಲಿ ಬಂತು.

ರಾತ್ರಿ ಎರಡು. ಕೆಳಗೆ ಹಗ್ಗ ಬಿಗಿಯುವ ಟ್ರೋಂಡುರ್
ಸಕ್ಕರೆ ಕೇಳಲು ಮೇಲೆ ಬಂದ, ಪರದೆ ನೋಡಿದ,
ಏನೂ ಅನ್ನದೆ ಸಕ್ಕರೆ ತಗೊಂಡು ಹೋದ.
‘ಇಡು’ ಅಳಿಸಿ ‘ಸೇರಿಸು’ ಎಂದೆ.
ಬೇರೆಯವು ಒಂದೇ ಸಾಲಲ್ಲಿ ಒತ್ತೊತ್ತಿ ಕೂರುತ್ತವೆ,
ಕುಕಿಗೆ ಆ ರಾಜಿ ಇಲ್ಲ.
ಒಂದಕ್ಕೊಂದು ಸಾಲು,
ಸಾಲಿನ ತಲೆಗೆ ಅದೇ ಮಾತು, ಮೂರು ಸಲ,
ನಾಚಿಕೆಯಿಲ್ಲದೆ.

ಮುಂದಿನ ಬುಧವಾರ ಫೋನು ಬರಲಿಲ್ಲ.
ಗುರುವಾರ ಬಂತು.
‘ಯಾಕೆ, ನಿನ್ನೆ ಯಂತ್ರ ಏನೂ ಕೇಳಲೇ ಇಲ್ಲ?
ಮುನಿಸೇ?
ನಾನು ಬೈದದ್ದನ್ನೂ ನೆನಪಿಟ್ಟುಕೊಂಡಿದೆಯೇನು?’

ಇಲ್ಲಜ್ಜಿ, ಅಂದೆ.
ಅದಕ್ಕೆ ನಾಲ್ಕನೆಯ ಸಾಲು ಬೇಕು.