ಒಂದೆನ್ನದ ಎಣಿಕೆ

ಚಿಂತಾಮಣಿಯ ರಾಗಿ ಮಂಡಿ, ಮಹಡಿ ಕೋಣೆ.
ಪ್ಲಗಿನ್ ಸಿದ್ಧವಾಗಿದೆ, ಹೆಸರಿಲ್ಲ.
ಕೆಲಸ ಇಷ್ಟೇ: ನಮ್ಮ ಫ್ರೇಮ್‌ವರ್ಕಿನಲ್ಲಿ ಕಟ್ಟಿದ ಸೈಟಿಗೆ
ಯಾರಾದರೂ ಬಂದರೆ, ಬಂದರು ಅಂತ ಗುರುತು ಹಾಕುವುದು.

'ಹೆಜ್ಜೆ' ಅಂದೆ. ಆಗಲೇ ಯಾರೋ ಇಟ್ಟುಕೊಂಡಿದ್ದಾರೆ.
'ಇಣುಕು' ಅಂದೆ. ಅಫ್ರೋಜಾ ಕತ್ತೆತ್ತಲಿಲ್ಲ:
ಹಂಗಾದ್ರೆ ಬಾಗಿಲ ಸಂದೀಲಿ ನಿಂತೋರು ನಾವೇ ಅಂತ ಒಪ್ಕೊಂಡಂಗೆ.
ನಿನ್ನೆ ರಾತ್ರಿಯೇ ಕಿತ್ತುಹಾಕಿದ್ದಳು
ಐಪಿ ವಿಳಾಸದ ಕಾಲಂ, ಕುಕಿ, ಊರು,
ನಾನು ಮೂರು ವಾರ ಬರೆದ ಕೋಡು.
ಆ ಜಗಳಕ್ಕೆ ಇವತ್ತು ಇಬ್ಬರದೂ ಬೇರೆ ಬೇರೆ ಟೀ.

ಕೆಳಗೆ ಪಿಳ್ಳಪ್ಪ ಅಳೆಯತೊಡಗಿದ.
ಸೇರು ಮುಳುಗಿಸಿ, ಅಂಗೈಯಲ್ಲಿ ಅದರ ತಲೆ ಸವರಿ,
ಮೊದಲನೆಯದಕ್ಕೆ 'ಲಾಭಮೂ…'
ಆಮೇಲೆ 'ರೆಂಡೂ… ಮೂಡೂ…'
ಯಾರ ಹೊಲದ್ದು, ಯಾವ ದಾರಿಯಲ್ಲಿ ಬಂತು
ಕೇಳುವುದಿಲ್ಲ.
ಎಣಿಕೆ ತಪ್ಪುವುದೂ ಇಲ್ಲ.

ನಾವು ಸೊನ್ನೆಯಿಂದ ಎಣಿಸುವ ಜಾತಿ,
ಅವನು ಲಾಭದಿಂದ.
ಒಂದು ಅನ್ನುವುದನ್ನು ಇಬ್ಬರೂ ಬಾಯಿಗೆ ತರುವುದಿಲ್ಲ.

'ಲಾಭ' ಅಂತ ಅಫ್ರೋಜಾ ಟೈಪ್ ಮಾಡಿಯೇ ಬಿಟ್ಟಳು,
ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಎರಡು ಎ ಹಾಕಿ.
ದುಡ್ಡಿನಾಸೆಯ ಹೆಸರು ಅಂತಾರೆ ಜನ, ಅಂದೆ.
ಅಳೆದೋರು ಅನ್ನಲ್ಲ, ಅಂದಳು.

ಸಂಜೆ ಪಿಳ್ಳಪ್ಪನಿಗೆ ತೋರಿಸಿದೆವು.
ಮೀಸೆಯ ಧೂಳು ಒರೆಸಿಕೊಂಡು ಪರದೆಗೆ ಬಗ್ಗಿ
'ಸೇರೆಲ್ಲಿ?' ಅಂದ.
ಇದ್ದದ್ದು ಒಂದೇ ಸಾಲು: ಲಾಭ.
ಬಂದವರು ನಾವೇ, ಪರೀಕ್ಷೆಗೆ.
ಎರಡು ಅನ್ನಿಸುವವರು
ರಾತ್ರಿ ಮಂಡಿ ಬಾಗಿಲು ಹಾಕುವ ತನಕ ಬಂದಿರಲಿಲ್ಲ.